ಮೂರು ಬೀಗದ ಪೆಟ್ಟಿಗೆ: ಹೊರಗಿನ ಹಣ ಬೇಡವೆನ್ನುವ ಉಳಿತಾಯ ಸಂಘ

ಒಂದು ತಗಡಿನ ಟ್ರಂಕು. ಅದಕ್ಕೆ ಮೂರು ಚಿಲಕ, ಮೂರು ಬೀಗ. ಕೀಲಿಕೈಗಳು ಮೂರು ಬೇರೆ ಬೇರೆ ಮನೆಗಳಲ್ಲಿರುತ್ತವೆ, ಪೆಟ್ಟಿಗೆ ನಾಲ್ಕನೆಯ ಮನೆಯಲ್ಲಿ. ಒಳಗೆ ಲೆಕ್ಕದ ಪುಸ್ತಕ, ಸದಸ್ಯರ ಪಾಸ್‌ಬುಕ್ಕುಗಳು, ದಾರ ಎಳೆದು ಬಿಗಿಯುವ ಎರಡು ಬಟ್ಟೆಚೀಲ, ಹಣ ಎಣಿಸಲು ಬಟ್ಟಲು, ಪೆನ್ನು, ಸ್ಕೇಲು, ಒಂದು ಕ್ಯಾಲ್ಕುಲೇಟರ್. ಕೀನ್ಯಾ, ಉಗಾಂಡಾ, ಜಾಂಬಿಯಾ, ಸೆನೆಗಲ್‌ಗಳ ಹಳ್ಳಿಗಳಲ್ಲಿ ಮರದ ಕೆಳಗೋ ಚರ್ಚಿನ ಜಗಲಿಯಲ್ಲೋ ವಾರಕ್ಕೊಮ್ಮೆ ಈ ಪೆಟ್ಟಿಗೆ ತೆರೆಯುತ್ತದೆ. ಇದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್ಪರ) ಸೇವಾಸಂಸ್ಥೆ ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್, ಚಿಕ್ಕದಾಗಿ ಸಿಆರ್‌ಎಸ್. ಪೆಟ್ಟಿಗೆಯೊಳಗಿನ ಹಣದಲ್ಲಿ ಆ ಸಂಸ್ಥೆಯದು ಒಂದು ಕಾಸೂ ಇರುವುದಿಲ್ಲ. ಇಡೀ ಪದ್ಧತಿಯ ಜೀವಾಳವೇ ಇದು.

ಸೇವಾಸಂಸ್ಥೆ ಎಂದರೆ ಕೊಡುವವರು ಎಂಬ ನಮ್ಮ ಕಲ್ಪನೆಗೆ ಇದು ಒಗ್ಗುವುದಿಲ್ಲ. ಸಿಆರ್‌ಎಸ್ ಕೂಡ ಹುಟ್ಟಿದ್ದು ಕೊಡುವುದಕ್ಕೇ. 1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಯುದ್ಧ ಪರಿಹಾರ ಸಂಸ್ಥೆಯಾಗಿ ಅದು ಶುರುವಾಯಿತು. ಮೊದಲು ಕೈಹಿಡಿದವರಲ್ಲಿ ನೆಲೆ ಕಳೆದುಕೊಂಡ ಪೋಲೆಂಡಿನ ನಿರಾಶ್ರಿತರಿದ್ದರು. ಭಾರತಕ್ಕೆ ಬಂದದ್ದು 1946ರಲ್ಲಿ, ಈಗಿನ ಹೆಸರು ಪಡೆದದ್ದು 1955ರಲ್ಲಿ. ಕಾಳು, ಬಟ್ಟೆ, ಔಷಧ ಹಂಚುವುದು ಬಹುಕಾಲ ಅದರ ಮುಖ್ಯ ಕೆಲಸವಾಗಿತ್ತು, ಬರ ಭೂಕಂಪಗಳಲ್ಲಿ ಈಗಲೂ ಹಂಚುತ್ತದೆ. ಅಮೆರಿಕದ ಧರ್ಮಕೇಂದ್ರಗಳಲ್ಲಿ ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ, ನಲವತ್ತು ದಿನ ಮನೆಮನೆಯಲ್ಲಿ ಒಂದು ರಟ್ಟಿನ ಡಬ್ಬಿ ಇಡುತ್ತಾರೆ, ಉಪವಾಸದಿಂದ ಉಳಿದ ದುಡ್ಡನ್ನು ಅದಕ್ಕೆ ಹಾಕುತ್ತಾರೆ. 1975ರಲ್ಲಿ ಪೆನ್ಸಿಲ್ವೇನಿಯಾದ ಆಲನ್‌ಟೌನಿನಲ್ಲಿ ಆರಂಭವಾದ ಈ 'ಅನ್ನದ ಬಟ್ಟಲು' ಅಭಿಯಾನದ ಹಣದಲ್ಲಿ ಕಾಲುಭಾಗ ಆಯಾ ಬಿಷಪ್ಪರ ಧರ್ಮಪ್ರಾಂತ್ಯದಲ್ಲೇ ಉಳಿಯುತ್ತದೆ, ಮುಕ್ಕಾಲು ಭಾಗ ಸಿಆರ್‌ಎಸ್‌ಗೆ ಹೋಗುತ್ತದೆ.

ಆ ಸಂಸ್ಥೆಯ ನಡೆ ಬದಲಾದದ್ದು ರುವಾಂಡಾದಿಂದ. 1960ರ ದಶಕದಿಂದಲೂ ಅದು ಅಲ್ಲಿ ಕೆಲಸ ಮಾಡುತ್ತಿತ್ತು. ಯೋಜನೆಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಆದರೂ 1994ರ ಜನಾಂಗೀಯ ನರಮೇಧದಲ್ಲಿ, ಸುಮಾರು ನೂರು ದಿನಗಳಲ್ಲಿ, ಲಕ್ಷಾಂತರ ಜನ ಅಕ್ಕಪಕ್ಕದ ಮನೆಯವರ ಕೈಯಿಂದಲೇ ಸತ್ತರು. ಎಷ್ಟು ಚೀಲ ಕಾಳು ಹಂಚಿದೆವು ಎಂದು ಎಣಿಸುತ್ತಿದ್ದವರು ಊರೊಳಗೆ ಯಾರು ಯಾರನ್ನು ತುಳಿಯುತ್ತಿದ್ದಾರೆ, ಯಾರ ಮಾತು ನಡೆಯುತ್ತದೆ ಎಂದು ಕೇಳಿರಲಿಲ್ಲ. ಆ ಆಘಾತದ ನಂತರ ಪ್ರತಿಯೊಂದು ಕೆಲಸವನ್ನೂ ನ್ಯಾಯದ ಕಣ್ಣಿನಿಂದ ನೋಡಬೇಕೆಂದು ಸಂಸ್ಥೆ ತೀರ್ಮಾನಿಸಿತು. ಹೇಳಲು ದೊಡ್ಡ ಮಾತು. ಉಳಿತಾಯ ಸಂಘದಲ್ಲಿ ಅದು ಸಣ್ಣ ಪ್ರಶ್ನೆಗಳಾಗಿ ಇಳಿಯುತ್ತದೆ: ಕೀಲಿ ಯಾರ ಬಳಿ ಇದೆ? ಪುಸ್ತಕ ಓದಲು ಬರುವುದು ಯಾರಿಗೆ? ಸಾಲ ಮೊದಲು ಯಾರಿಗೆ ಸಿಗುತ್ತದೆ?

ಪದ್ಧತಿ ಸಿಆರ್‌ಎಸ್‌ನ ಸ್ವಂತ ಆವಿಷ್ಕಾರವಲ್ಲ. 1991ರಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ನೈಜರ್ ದೇಶದ ಮರಾಡಿ ಸೀಮೆಯಲ್ಲಿ ಹೆಂಗಸರ ಹಳೆಯ ಚೀಟಿ ಗುಂಪುಗಳನ್ನು ತಿದ್ದಿ ಒಂದು ಮಾದರಿ ಕಟ್ಟಿತು. ಚೀಟಿಯಲ್ಲಿ ಎಲ್ಲರೂ ಸಮ ಕಂತು ಕಟ್ಟಬೇಕು, ಸರದಿ ಬರುವವರೆಗೆ ಕಾಯಬೇಕು. ಇಲ್ಲಿ ಸರದಿಯಿಲ್ಲ, ಬೇಕಾದವರು ಬೇಕಾದಾಗ ಸಾಲ ಪಡೆಯಬಹುದು. ಸಿಆರ್‌ಎಸ್ 2006ರಿಂದ ಇದನ್ನು ತನ್ನ ರೀತಿಯಲ್ಲಿ ಬೆಳೆಸಿ 'ಸಿಲ್ಕ್' ಎಂದು ಕರೆಯಿತು. ರೇಷ್ಮೆಗೂ ಇದಕ್ಕೂ ಸಂಬಂಧವಿಲ್ಲ. ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸಮುದಾಯ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು.

ಸಂಘ ಕಟ್ಟುವುದು

ಸಂಘ ನಡೆಸುವುದನ್ನು ಕಲಿಸುವ ಪ್ರೇರಕ ಊರಿಗೆ ಬಂದಾಗ ಮೊದಲ ಕೆಲಸ ಊರ ಹಿರಿಯರನ್ನು ಕಂಡು, ಎಲ್ಲರನ್ನೂ ಒಂದೆಡೆ ಕೂಡಿಸಿ, 'ನಾನು ದುಡ್ಡು ತಂದಿಲ್ಲ, ತರುವುದೂ ಇಲ್ಲ' ಎಂದು ಬಿಚ್ಚಿ ಹೇಳುವುದು. ಈ ಮಾತು ಕೇಳಿ ಒಂದಿಷ್ಟು ಜನ ಎದ್ದು ಹೋಗುತ್ತಾರೆ. ಹೋಗಬೇಕು ಕೂಡ. ಕೊಡುಗೆಯ ಆಸೆಯಿಂದ ಸೇರಿದವರು ಮೂರನೆಯ ವಾರಕ್ಕೆ ನಿಲ್ಲುವುದಿಲ್ಲ, ಬಿಟ್ಟು ಹೋಗುವಾಗ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ.

ಉಳಿದವರು ತಮ್ಮ ತಮ್ಮಲ್ಲೇ ಗುಂಪು ಕಟ್ಟಿಕೊಳ್ಳುತ್ತಾರೆ, ಸಾಮಾನ್ಯವಾಗಿ 15ರಿಂದ 30 ಜನ. ಪ್ರೇರಕ ಯಾರನ್ನೂ ಸೇರಿಸುವಂತಿಲ್ಲ, ಬಿಡಿಸುವಂತಿಲ್ಲ. ಜಾಮೀನು ಎಂಬುದು ಇಲ್ಲಿ ಪರಸ್ಪರ ಗೊತ್ತಿರುವುದು ಮಾತ್ರ. ಹದಿನೈದಕ್ಕಿಂತ ತೀರಾ ಕಡಿಮೆಯಾದರೆ ಸಾಲ ಕೊಡುವಷ್ಟು ಹಣ ಕೂಡುವುದಿಲ್ಲ, ಮೂವತ್ತು ದಾಟಿದರೆ ಸಭೆ ಮುಗಿಯುವುದಿಲ್ಲ. ಒಂದೇ ಮನೆಯವರು ಹೆಚ್ಚು ಸೇರಿದರೆ ವಸೂಲಿಯ ಮಾತು ಬಂದಾಗ ಎಲ್ಲರ ಬಾಯಿ ಕಟ್ಟುತ್ತದೆ, ಅದನ್ನು ಮಾತ್ರ ಪ್ರೇರಕ ಮೊದಲೇ ಎಚ್ಚರಿಸುತ್ತಾನೆ.

ಆಮೇಲೆ ನಿಯಮ. ವಾರಕ್ಕೆ ಕನಿಷ್ಠ ಎಷ್ಟು ಕಟ್ಟಬೇಕು, ಬಡ್ಡಿ ಎಷ್ಟು, ತಡವಾಗಿ ಬಂದರೆ ದಂಡ ಎಷ್ಟು, ಸದಸ್ಯರು ತೀರಿಕೊಂಡರೆ ಅವರ ಹಣ ಯಾರಿಗೆ. ಒಂದೊಂದನ್ನೂ ಸದಸ್ಯರೇ ಮಾತಾಡಿ ನಿರ್ಧರಿಸಿ ಬರೆದಿಡುತ್ತಾರೆ. ಕನಿಷ್ಠ ಮೊತ್ತವನ್ನು ಗುಂಪಿನ ಅತಿ ಬಡವಳು ಬೇಸಗೆಯಲ್ಲೂ, ಅಂದರೆ ಕೂಲಿ ಸಿಗದ ತಿಂಗಳಲ್ಲೂ, ಕಟ್ಟುವಂತೆ ಇಡಬೇಕು. ಸುಗ್ಗಿಯ ಹುಮ್ಮಸ್ಸಿನಲ್ಲಿ ಹೆಚ್ಚು ಗೊತ್ತುಮಾಡಿ ಮುಂದೆ ತತ್ತರಿಸುವುದು ಹೊಸ ಗುಂಪುಗಳ ಸಾಮಾನ್ಯ ತಪ್ಪು. ಕಡೆಯದು ಚುನಾವಣೆ: ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಹಣ ಎಣಿಸುವ ಇಬ್ಬರು. ಓದು ಬಾರದವರೂ ಗುಟ್ಟಾಗಿ ಮತ ಹಾಕಲೆಂದು ಕಲ್ಲಿನ ಹರಳುಗಳನ್ನು ಬಳಸುತ್ತಾರೆ. ಕೀಲಿ ಇಟ್ಟುಕೊಳ್ಳುವ ಮೂವರು ಈ ಐವರಲ್ಲಿ ಯಾರೂ ಆಗಿರಬಾರದು. ಪುಸ್ತಕ ಬರೆಯುವವಳ ಕೈಯಲ್ಲೇ ಕೀಲಿಯೂ ಇದ್ದರೆ ಮೂರು ಬೀಗವಿದ್ದೂ ಒಂದೇ ಬೀಗವಿದ್ದಂತೆ.

ಒಂದು ಸಭೆ

ಹಾಜರಿ ಕರೆದ ಮೇಲೆ ಮೂವರು ಕೀಲಿಯವರು ಬಂದು ಬೀಗ ತೆಗೆಯುತ್ತಾರೆ. ಹಣವನ್ನು ಹೊರತೆಗೆಯುವ ಮೊದಲು ಅಧ್ಯಕ್ಷೆ ಕೇಳುತ್ತಾಳೆ: ಕಳೆದ ವಾರ ಪೆಟ್ಟಿಗೆ ಮುಚ್ಚುವಾಗ ಎಷ್ಟಿತ್ತು? ಎಲ್ಲರೂ ಬಾಯಲ್ಲಿ ಹೇಳಬೇಕು. ಕಷ್ಟನಿಧಿಯ ಚೀಲದಲ್ಲಿ ಇಷ್ಟು, ಸಾಲನಿಧಿಯ ಚೀಲದಲ್ಲಿ ಇಷ್ಟು. ಆಮೇಲೆ ಇಬ್ಬರು ಎಲ್ಲರ ಮುಂದೆ ಗಟ್ಟಿಯಾಗಿ ಎಣಿಸುತ್ತಾರೆ. ಬಾಯಲ್ಲಿದ್ದ ಮೊತ್ತ, ಚೀಲದಲ್ಲಿದ್ದ ಮೊತ್ತ, ಪುಸ್ತಕದಲ್ಲಿದ್ದ ಮೊತ್ತ, ಮೂರೂ ಒಂದೇ ಆದರೆ ಮಾತ್ರ ಸಭೆ ಮುಂದುವರಿಯುತ್ತದೆ.

ನನ್ನ ಎಣಿಕೆಯಲ್ಲಿ ಬೀಗಕ್ಕಿಂತ ದೊಡ್ಡ ಕಾವಲು ಈ ಬಾಯಿಪಾಠವೇ. ಗುಂಪಿನಲ್ಲಿ ಅಕ್ಷರ ಬಲ್ಲವರು ಮೂರು ನಾಲ್ಕು ಜನ ಇರಬಹುದು. ಪುಸ್ತಕವೊಂದೇ ಸಾಕ್ಷಿಯಾದರೆ ಸಂಘ ಅವರ ಕೈಗೆ ಹೋಗುತ್ತದೆ. ಇಪ್ಪತ್ತು ತಲೆಗಳಲ್ಲಿ ಕೂತ ಸಂಖ್ಯೆಯನ್ನು ಯಾರೂ ರಾತ್ರಿ ಕೂತು ತಿದ್ದಲಾರರು.

ಮೊದಲು ಕಷ್ಟನಿಧಿಗೆ ಎಲ್ಲರೂ ಸಮನಾಗಿ ಸಣ್ಣ ಮೊತ್ತ ಹಾಕುತ್ತಾರೆ. ಸಾವು, ಕಾಯಿಲೆ, ಬೆಂಕಿ ಅನಾಹುತಕ್ಕೆ ಇದರಿಂದ ಸಹಾಯ, ಬಡ್ಡಿಯಿಲ್ಲ. ಸಾಲನಿಧಿಯೊಂದಿಗೆ ಇದನ್ನು ಎಂದೂ ಬೆರೆಸಬಾರದು, ಅದಕ್ಕೇ ಎರಡು ಚೀಲ. ಆಮೇಲೆ ಉಳಿತಾಯ. ಕನಿಷ್ಠಕ್ಕೆ ಕಡಿಮೆಯಿಲ್ಲದಂತೆ, ಗುಂಪು ಹಾಕಿಕೊಂಡ ಗರಿಷ್ಠ ಮೀರದಂತೆ, ಒಬ್ಬೊಬ್ಬರೂ ತಮಗಾದಷ್ಟು ಕಟ್ಟುತ್ತಾರೆ. ನಾಲ್ಕು ವಾರಕ್ಕೊಮ್ಮೆ ಸಾಲದ ಸಭೆ. ಕೇಳುವವರು ಎದ್ದು ನಿಂತು ಎಷ್ಟು, ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ಎಲ್ಲರ ಮುಂದೆ ಹೇಳಬೇಕು. ಸಾಮಾನ್ಯವಾಗಿ ತಮ್ಮ ಉಳಿತಾಯದ ಮೂರು ಪಟ್ಟಿನವರೆಗೆ ಸಿಗುತ್ತದೆ, ಮೂರು ತಿಂಗಳೊಳಗೆ ತೀರಿಸಬೇಕು. ಕೇಳಿದವರ ಮೊತ್ತ ಕೂಡಿದರೆ ಚೀಲದಲ್ಲಿರುವುದಕ್ಕಿಂತ ಹೆಚ್ಚಾಗುವುದೇ ರೂಢಿ. ಆಗ ಚರ್ಚೆ ನಡೆದು, ಒಬ್ಬಳು ಮುಂದಿನ ತಿಂಗಳಿಗೆ ಹಾಕಿಕೊಳ್ಳುತ್ತಾಳೆ, ಇನ್ನೊಬ್ಬಳು ಅರ್ಧಕ್ಕೆ ಒಪ್ಪುತ್ತಾಳೆ.

ಬಡ್ಡಿಯ ಮಾತು

ಬಡ್ಡಿ ತಿಂಗಳಿಗೆ ಶೇಕಡ 5ರಿಂದ 10. ನಮ್ಮ ಹಳ್ಳಿಯ ಮಾತಿನಲ್ಲಿ ಐದು ರೂಪಾಯಿ ಬಡ್ಡಿ, ಹತ್ತು ರೂಪಾಯಿ ಬಡ್ಡಿ. ಕೇಳಿದ ಕೂಡಲೇ ಮೀಟರ್ ಬಡ್ಡಿ ನೆನಪಾಗುತ್ತದೆ. ಅದರಲ್ಲೂ ಕಥೋಲಿಕ ಸಂಸ್ಥೆ! ಶತಮಾನಗಳ ಕಾಲ ಬಡ್ಡಿಯನ್ನು ಪಾಪವೆಂದ ಧರ್ಮಸಭೆ ಅದು. 1462ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ ಬಡವರಿಗೆ ಒತ್ತೆ ಸಾಲ ಕೊಡುವ ನಿಧಿ ತೆರೆದಾಗ, ಖರ್ಚಿಗಾಗಿ ಪಡೆಯುವ ಅಲ್ಪ ಹಣವೂ ಬಡ್ಡಿಯೇ ಅಲ್ಲವೇ ಎಂದು ದಶಕಗಳ ಜಗಳವಾಯಿತು. 1515ರಲ್ಲಿ ಧರ್ಮಸಭೆಯ ಮಹಾಪರಿಷತ್ತು ಅದು ಪಾಪವಲ್ಲ ಎಂದು ತೀರ್ಪಿತ್ತಿತು. 1891ರಲ್ಲಿ ಪೋಪ್ ಹದಿಮೂರನೆಯ ಲಿಯೊ ಕಾರ್ಮಿಕರ ಬಗ್ಗೆ ಬರೆದ ಪತ್ರದಲ್ಲೂ ಸುಲಿಗೆ ಬಡ್ಡಿಯ ಖಂಡನೆ ಇದೆ. ಹಾಗಾದರೆ ಇಲ್ಲಿ ಹೇಗೆ?

ವರ್ಷದ ಕೊನೆಗೆ ಪೆಟ್ಟಿಗೆಯ ಹಣವನ್ನೆಲ್ಲ ಸದಸ್ಯರಿಗೇ ಹಂಚಿಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ. 20 ಜನರ ಗುಂಪು, ವಾರಕ್ಕೆ ತಲಾ 200 ಕೀನ್ಯಾ ಶಿಲ್ಲಿಂಗ್, 50 ವಾರ. ಒಬ್ಬೊಬ್ಬರದು 10,000, ಒಟ್ಟು 2,00,000. ವರ್ಷದಲ್ಲಿ ಬಡ್ಡಿ ಮತ್ತು ದಂಡದಿಂದ 30,000 ಬಂತು ಎನ್ನಿ. ಪೆಟ್ಟಿಗೆಯಲ್ಲಿ 2,30,000. ಅದನ್ನು ಉಳಿತಾಯದಿಂದ ಭಾಗಿಸಿದರೆ 1.15. ಪ್ರತಿಯೊಬ್ಬರ ಉಳಿತಾಯವನ್ನು ಇದರಿಂದ ಗುಣಿಸಿದರೆ ಅವರ ಪಾಲು: 11,500. ಒಮ್ಮೆಯೂ ಸಾಲ ಪಡೆಯದವಳಿಗೆ 1,500 ಲಾಭ. ಇನ್ನೊಬ್ಬಳು 10,000 ಸಾಲವನ್ನು ಮೂರು ಮೂರು ತಿಂಗಳಂತೆ ಎರಡು ಬಾರಿ ಪಡೆದಳು, ಶೇಕಡ 5ರಂತೆ ಆರು ತಿಂಗಳಿಗೆ 3,000 ಬಡ್ಡಿ ಕಟ್ಟಿದಳು. ಪಾಲಿನ ಜೊತೆ 1,500 ಅವಳಿಗೇ ವಾಪಸು ಬಂತು. ನಿಜವಾಗಿ ಕೈಬಿಟ್ಟದ್ದು 1,500. ಐದು ರೂಪಾಯಿ ಬಡ್ಡಿ ಅವಳಿಗೆ ಬಿದ್ದದ್ದು ಎರಡೂವರೆ ರೂಪಾಯಿಯಂತೆ.

ಬಡ್ಡಿ ಊರು ಬಿಟ್ಟು ಹೋಗುವುದಿಲ್ಲ, ಸಂಸ್ಥೆಗೂ ಹೋಗುವುದಿಲ್ಲ. ಎಲ್ಲರೂ ಸಮನಾಗಿ ಉಳಿಸಿ ಸಮನಾಗಿ ಸಾಲ ಪಡೆದರೆ ಬಡ್ಡಿಯೇ ಇಲ್ಲದಂತೆ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಆದರೆ ಬದುಕು ಸಮವಾಗಿರುವುದಿಲ್ಲ. ಅಂಗಡಿಯವಳು ಗರಿಷ್ಠ ಕಟ್ಟಿ ಸಾಲ ಪಡೆಯದೆ ಕೂರಬಹುದು, ಕೂಲಿಯವಳು ಕನಿಷ್ಠ ಕಟ್ಟಿ ಪದೇ ಪದೇ ಸಾಲ ಪಡೆಯಬಹುದು. ಆಗ ಬಡವಳ ದುಡ್ಡು ಉಳ್ಳವಳ ಕಡೆ ಹರಿಯುತ್ತದೆ. ಪದ್ಧತಿಯೊಳಗೆ ಹುದುಗಿರುವ ನಿಜವಾದ ಅನ್ಯಾಯ ಇದು, ಮುಚ್ಚಿಡಬಾರದು. ಮದ್ದು ಎರಡು: ಉಳಿತಾಯಕ್ಕೆ ಗಟ್ಟಿಯಾದ ಗರಿಷ್ಠ ಮಿತಿ, ಮತ್ತು ಮೊದಲ ವರ್ಷದ ನಂತರ ಬಡ್ಡಿ ದರ ಇಳಿಸುವುದು. ಎರಡನೆಯದಕ್ಕೆ ಗುಂಪುಗಳು ಸುಲಭವಾಗಿ ಒಪ್ಪುವುದಿಲ್ಲ, ಹಂಚಿಕೆಯ ದಿನ ಸಿಗುವ ದೊಡ್ಡ ಮೊತ್ತದ ಆಕರ್ಷಣೆ ಅಂಥದು.

ಎಲ್ಲಿ ಎಡವುತ್ತದೆ

9ರಿಂದ 12 ತಿಂಗಳಿಗೊಮ್ಮೆ ಪೆಟ್ಟಿಗೆ ಪೂರ್ತಿ ಖಾಲಿಯಾಗಬೇಕು. ಶಾಲೆಯ ಶುಲ್ಕ ಕಟ್ಟುವ ಹೊತ್ತಿಗೋ ಬಿತ್ತನೆಗೋ ಆ ದಿನವನ್ನು ಹೊಂದಿಸುತ್ತಾರೆ. ಕಡೆಯ ತಿಂಗಳಲ್ಲಿ ಹೊಸ ಸಾಲ ಕೊಡುವುದಿಲ್ಲ, ಹಳೆಯವೆಲ್ಲ ವಾಪಸಾಗಬೇಕು. ಹಾಗಾಗಿ ಆ ಕೆಲವು ವಾರ ಇಡೀ ವರ್ಷದ ಹಣ ನಗದಾಗಿ ಒಂದು ತಗಡಿನ ಪೆಟ್ಟಿಗೆಯಲ್ಲಿರುತ್ತದೆ, ಊರಿಗೆಲ್ಲ ಗೊತ್ತಿರುತ್ತದೆ. ಕಳ್ಳತನದ ಭಯ ಹೆಚ್ಚು ಆಗಲೇ. ಕೆಲವು ಗುಂಪುಗಳು ಹೆಚ್ಚಿನ ಹಣವನ್ನು ಬ್ಯಾಂಕಿಗೋ ಮೊಬೈಲ್ ಹಣದ ಖಾತೆಗೋ ಹಾಕುತ್ತವೆ. ಅದರಲ್ಲಿ ಬೇರೆ ತೊಡಕು: ಮೊಬೈಲ್ ಒಬ್ಬರ ಹೆಸರಿನಲ್ಲಿ, ಗುಟ್ಟಿನ ಸಂಖ್ಯೆ ಒಬ್ಬರ ತಲೆಯಲ್ಲಿ. ಮೂರು ಬೀಗ ಹಾಕಿದ್ದರ ಅರ್ಥವೇ ಕೆಟ್ಟಿತು. ಗುಟ್ಟಿನ ಸಂಖ್ಯೆಯನ್ನು ತುಂಡು ಮಾಡಿ ಇಬ್ಬರು ಮೂವರಿಗೆ ಒಂದೊಂದು ತುಂಡು ಕೊಡುವುದು ಇದಕ್ಕೆ ಒಂದು ಉಪಾಯ.

ಬರ ಬಂದರೆ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಒಬ್ಬಳ ಮಗುವಿಗೆ ಜ್ವರ ಬಂದರೆ ಹತ್ತೊಂಬತ್ತು ಜನರ ಹಣ ಇದೆ, ಮಳೆ ಕೈಕೊಟ್ಟರೆ ಇಪ್ಪತ್ತು ಜನರಿಗೂ ಅದೇ ವಾರ ಹಣ ಬೇಕು. ಒಂದೇ ಊರಿನ ಪೆಟ್ಟಿಗೆಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಬರಪರಿಹಾರ, ಬೆಳೆ ವಿಮೆ, ಕೂಲಿ ಕೆಲಸ ಇವೆಲ್ಲ ಸರ್ಕಾರದ ಹೊಣೆ. ಉಳಿತಾಯ ಸಂಘವಿದೆ ಎಂದು ಆ ಹೊಣೆಯಿಂದ ಯಾರೂ ನುಣುಚಿಕೊಳ್ಳಬಾರದು.

ಎಲ್ಲಕ್ಕಿಂತ ದೊಡ್ಡ ಕೆಡುಕು ಸದುದ್ದೇಶದಿಂದ ಬರುತ್ತದೆ. ಗುಂಪು ಚೆನ್ನಾಗಿ ನಡೆಯುತ್ತಿದೆ ಎಂದು ಯಾವುದೋ ಯೋಜನೆಯವರೋ ರಾಜಕಾರಣಿಯೋ ಬಂದು ಪೆಟ್ಟಿಗೆಗೆ ಒಂದು ಗಂಟು ಹಣ ಹಾಕುತ್ತಾರೆ. ಮರುತಿಂಗಳಿಂದ ವಸೂಲಿ ಸಡಿಲವಾಗುತ್ತದೆ. ಪಕ್ಕದ ಮನೆಯವಳ ಬೆವರಿನ ದುಡ್ಡನ್ನು ತಿಂದು ಅವಳ ಮುಖ ನೋಡುವುದು ಕಷ್ಟ, ಎಲ್ಲಿಂದಲೋ ಬಂದ ದುಡ್ಡಿಗೆ ಮುಖವೇ ಇಲ್ಲ. ಆ ಹಣಕ್ಕಾಗಿಯೇ ಹುಟ್ಟುವ ಗುಂಪುಗಳು ಬೇರೆ. ಪೆಟ್ಟಿಗೆಗೆ ಹಣ ಹಾಕಬಾರದು ಎಂಬ ನಿಯಮ ಜಿಪುಣತನದಿಂದ ಬಂದದ್ದಲ್ಲ. ಕೆಳಗಿನವರು ತಾವೇ ಮಾಡಿಕೊಳ್ಳಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳಬಾರದು ಎಂದು ಪೋಪ್ ಹನ್ನೊಂದನೆಯ ಪಿಯುಸ್ 1931ರಲ್ಲಿ ಬರೆದ ತತ್ತ್ವ ಕಥೋಲಿಕ ಸಾಮಾಜಿಕ ಬೋಧನೆಯ ಒಂದು ಕಂಬ. ಪೆಟ್ಟಿಗೆಯ ನಿಯಮದಲ್ಲಿ ಆ ತತ್ತ್ವ ಕೈಗೆ ಸಿಗುವಂತಿದೆ.

ಪ್ರೇರಕನ ಸಂಬಳ ಯಾರು ಕೊಡಬೇಕು?

ಹಣ ಹಾಕದಿದ್ದರೂ ಕಲಿಸುವುದಕ್ಕೆ ಖರ್ಚಿದೆ. ಯೋಜನೆ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಪ್ರೇರಕ ಮನೆಗೆ ಹೋಗುತ್ತಾನೆ. ಹಂಚಿಕೆಯ ಲೆಕ್ಕದಲ್ಲಿ ಸಿಕ್ಕಿಬಿದ್ದ ಗುಂಪು ಯಾರನ್ನು ಕೇಳಬೇಕು? 2008ರಿಂದ ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿ ಸಿಆರ್‌ಎಸ್ ಒಂದು ಬೇರೆ ದಾರಿ ಪರೀಕ್ಷಿಸಿತು. ಅದೇ ಊರಿನ ಯುವಕ ಯುವತಿಯರಿಗೆ ಸುಮಾರು ಒಂದು ವರ್ಷ ಭತ್ಯೆ ಕೊಟ್ಟು ತರಬೇತು ಮಾಡುವುದು, ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು, ಆಮೇಲೆ ಭತ್ಯೆ ನಿಲ್ಲಿಸುವುದು. ಅಲ್ಲಿಂದ ಮುಂದೆ ಅವರು ಗುಂಪುಗಳಿಂದಲೇ ಸಣ್ಣ ಶುಲ್ಕ ಪಡೆದು ಕೆಲಸ ಮಾಡಬೇಕು. 2013ರ ನಂತರ ಬುರ್ಕಿನಾ ಫಾಸೊ, ಸೆನೆಗಲ್, ಉಗಾಂಡಾ, ಜಾಂಬಿಯಾಗಳಲ್ಲಿ ಇದೇ ಮಾದರಿಯನ್ನು ಹಿಗ್ಗಿಸಿದರು.

ಬಡವರಿಂದ ಶುಲ್ಕವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಶುಲ್ಕ ಕೊಡುವ ಗುಂಪಿಗೆ ಪ್ರೇರಕನನ್ನು ಬೇಡವೆನ್ನುವ ಅಧಿಕಾರವೂ ಬರುತ್ತದೆ, ಯೋಜನೆಯ ಸಂಬಳ ತಿನ್ನುವವನ ಮೇಲೆ ಆ ಅಧಿಕಾರ ಇರುವುದಿಲ್ಲ. ಹದಗೆಡುವುದು ಎರಡು ಕಡೆ. ಪಕ್ಕದ ಊರಿನಲ್ಲಿ ಇನ್ನೊಂದು ಸಂಸ್ಥೆ ಅದೇ ಕೆಲಸವನ್ನು ಪುಕ್ಕಟೆ ಮಾಡಿ, ಪೆಟ್ಟಿಗೆಯನ್ನೂ ಉಚಿತವಾಗಿ ಹಂಚಿದರೆ ಶುಲ್ಕ ಪಡೆಯುವ ಪ್ರೇರಕಿಯ ಕಸುಬು ನಿಲ್ಲುತ್ತದೆ. ಮತ್ತೆ, ಕೆಲವರು ಗುಂಪಿಗೆ ಪುಸ್ತಕ ಬರೆಯುವುದನ್ನು ಕಲಿಸದೆ ತಾವೇ ಬರೆದುಕೊಟ್ಟು, ತಾವಿಲ್ಲದೆ ನಡೆಯದಂತೆ ಮಾಡಿಕೊಳ್ಳುತ್ತಾರೆ. ಒಳ್ಳೆಯ ಪ್ರೇರಕಿಯನ್ನು ಗುರುತಿಸುವುದು ಸುಲಭ: ಎರಡನೆಯ ವರ್ಷದ ಸಭೆಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾಳೆ.

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ಏಕಾಏಕಿ ತಡೆದಾಗ ಸಿಆರ್‌ಎಸ್‌ಗೆ ಬಿದ್ದ ಪೆಟ್ಟು ಬಲವಾದದ್ದು. ಅದರ ಆದಾಯದ ಬಹುದೊಡ್ಡ ಪಾಲು ಅಲ್ಲಿಂದ ಬರುತ್ತಿತ್ತು, ಸಿಬ್ಬಂದಿಯನ್ನು ಕಡಿತ ಮಾಡಬೇಕಾಯಿತು. ವಾಷಿಂಗ್ಟನ್ನಿನಲ್ಲಿ ಹಣ ನಿಂತರೆ ಔಷಧದ ಲಾರಿ ನಿಲ್ಲುತ್ತದೆ, ಕಾಳಿನ ಗೋದಾಮು ಖಾಲಿಯಾಗುತ್ತದೆ. ತನ್ನದೇ ದುಡ್ಡಿನಿಂದ ತುಂಬಿದ ಪೆಟ್ಟಿಗೆ ತೆರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಸಂಘಗಳ ಪಕ್ಕದಲ್ಲಿಟ್ಟು ನೋಡಿದರೆ

ಕರ್ನಾಟಕದ ಓದುಗರಿಗೆ ಇದು ಅಪರಿಚಿತವಲ್ಲ. ಸ್ವಸಹಾಯ ಗುಂಪಿನ ಬೇರುಗಳಲ್ಲಿ ಒಂದು ಇಲ್ಲೇ ಇದೆ. ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಸ್ವಯಂಸೇವಾ ಸಂಸ್ಥೆ ಮೈರಾಡ 1980ರ ದಶಕದಲ್ಲಿ ಇಂಥ ಗುಂಪುಗಳನ್ನು ಕಟ್ಟಿತು, ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಕಥೋಲಿಕರ ಸಹಕಾರದ ಹಾದಿ ಇನ್ನೂ ಹಳೆಯದು: ಮಂಗಳೂರು ಕ್ಯಾಥೊಲಿಕ್ ಕೋಆಪರೇಟಿವ್ ಬ್ಯಾಂಕ್ ಸ್ಥಾಪನೆಯಾದದ್ದು 1912ರಲ್ಲಿ.

ಆದರೆ ಹಾದಿ ಕವಲೊಡೆಯುವ ಕಡೆ ಗಮನಿಸಬೇಕು. ನಮ್ಮ ಗುಂಪು ವರ್ಷಕ್ಕೊಮ್ಮೆ ಹಣ ಹಂಚಿ ಖಾಲಿಯಾಗುವುದಿಲ್ಲ, ಉಳಿತಾಯ ಬೆಳೆಯುತ್ತಾ ಹೋಗುತ್ತದೆ, ಅದರ ಬಲದ ಮೇಲೆ ಬ್ಯಾಂಕ್ ಸಾಲ ಬರುತ್ತದೆ. ದೊಡ್ಡ ಮೊತ್ತ ಸಿಗುತ್ತದೆ, ಹಸು ಕೊಳ್ಳಬಹುದು, ಬೋರ್‌ವೆಲ್ ಕೊರೆಸಬಹುದು. ಮೂರು ತಿಂಗಳ ಸಾಲದ ಸಿಲ್ಕ್ ಗುಂಪಿನಲ್ಲಿ ಅದು ಆಗದ ಮಾತು. ಬದಲಿಗೆ, ಸಿಲ್ಕ್ ಗುಂಪಿನ ಸದಸ್ಯೆಗೆ ವರ್ಷಕ್ಕೊಮ್ಮೆ ತನ್ನ ಹಣ ಕಣ್ಣಿಗೆ ಕಾಣುತ್ತದೆ, ಕೈಗೆ ಬರುತ್ತದೆ. ಲೆಕ್ಕ ತಪ್ಪಿದ್ದರೆ ಆ ದಿನವೇ ಬಯಲಾಗುತ್ತದೆ. ಹತ್ತು ವರ್ಷದ ಪುಸ್ತಕವನ್ನು ಯಾರೂ ಬಿಡಿಸಲಾರದ ಗಂಟಾಗಿಸುವ ಅವಕಾಶ ಇರುವುದಿಲ್ಲ. ಇನ್ನು ಸದಸ್ಯರ ಉಳಿತಾಯವೇ ಇಲ್ಲದೆ ಗುಂಪುಸಾಲ ಕೊಡುವ ಮೈಕ್ರೊಫೈನಾನ್ಸ್ ಕಂಪನಿಗಳದು ಬೇರೆಯೇ ಲೋಕ. ಅಲ್ಲಿಂದ ಬಂದ ವಸೂಲಿಯವರ ಕಾಟ ತಾಳಲಾರದೆ ಊರು ಬಿಟ್ಟವರ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ತಮಗೆ ಬೇಕಾದವರನ್ನು ತಾವೇ ಆರಿಸಿಕೊಳ್ಳುವ ಗುಂಪಿನಲ್ಲಿ ಯಾರಿಗೂ ಬೇಡವಾದವರು ಹೊರಗುಳಿಯುತ್ತಾರೆ ಎಂಬುದು ಎರಡೂ ಕಡೆ ನಿಜ. ವಾರಕ್ಕೆ ಕಟ್ಟಲು ಏನೂ ಇಲ್ಲದ ಮುದುಕಿ, ಅಂಗವಿಕಲೆ, ಎಚ್‌ಐವಿ ಇದೆಯೆಂದು ಊರು ದೂರವಿಟ್ಟ ಹೆಂಗಸು. ಇವರಿಗೆ ಪೆಟ್ಟಿಗೆಗಿಂತ ಮೊದಲು ಪಿಂಚಣಿ ಬೇಕು, ಔಷಧ ಬೇಕು, ನೇರವಾಗಿ ಕೈಗೆ ಅನ್ನ ಬೇಕು. ಇಲ್ಲಿ ಕೊಡುವುದೇ ನ್ಯಾಯ. ಊರಿನಲ್ಲಿ ಎಷ್ಟು ಗುಂಪು ಕಟ್ಟಿದೆವು ಎಂದು ವರದಿ ಬರೆಯುವಾಗ ಎಷ್ಟು ಮನೆ ಹೊರಗುಳಿದವು ಎಂಬ ಕಲಮೂ ಅದರಲ್ಲಿರಬೇಕು. ಪ್ರೇರಕರಿಗೆ ತರಬೇತಿಯ ಮೊದಲ ವಾರವೇ ಆ ಮನೆಗಳ ಪಟ್ಟಿ ಮಾಡಲು ಹೇಳಿಕೊಟ್ಟರೆ ಮುಂದೆ ಹುಡುಕುವ ಕೆಲಸ ಉಳಿಯುವುದಿಲ್ಲ.

ಹಂಚಿಕೆಯ ದಿನ ಎಲ್ಲರ ಪಾಲೂ ಕೈಸೇರಿದ ಮೇಲೆ ಖಜಾಂಚಿ ಪೆಟ್ಟಿಗೆಯನ್ನು ಎತ್ತಿ, ಬಾಯಿ ಕೆಳಗೆ ಮಾಡಿ, ಏನೂ ಉಳಿದಿಲ್ಲ ಎಂದು ತೋರಿಸುತ್ತಾಳೆ. ಮುಂದಿನ ವರ್ಷಕ್ಕೆ ಇರುವವರು ಯಾರು, ಬಿಡುವವರು ಯಾರು ಎಂದು ಕೇಳುತ್ತಾರೆ. ಸಾಲ ತೀರಿಸದೆ ಸತಾಯಿಸಿದವರಿಗೆ ಈ ಬಾರಿ ಜಾಗವಿರುವುದಿಲ್ಲ. ಹೊಸಬರು ಬಂದರೆ ಎಲ್ಲರಂತೆ ಸೊನ್ನೆಯಿಂದ ಆರಂಭಿಸುತ್ತಾರೆ. ನಿಯಮಗಳನ್ನು ಮತ್ತೊಮ್ಮೆ ಓದಿ ತಿದ್ದಿ, ಹರಳು ಹಾಕಿ ಹೊಸ ಸಮಿತಿ ಆರಿಸಿ, ಕೀಲಿಗಳನ್ನು ಬೇರೆ ಮೂವರಿಗೆ ಒಪ್ಪಿಸುತ್ತಾರೆ.